ಬಾಡಿಗೆಯ ಕೋಣೆಯಲ್ಲಿ ಬಡಗಿ ಕೆಲಸ

(ನಮ್ಮ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲಿನಿಂದ ಸಾಹಿತ್ಯ, ಸಂಗೀತ, ನಾಡಿನ ಏಕೀಕರಣಗಳ ವಿಷಯವಾಗಿ ದೊಡ್ಡವರ ಮಾತು ಕೇಳಿ ರೂಢಿಯಾದ ತಮ್ಮ ಮುಂದೆ ಇಂದು ಗರಗಸ, ಉಳಿ, ಹತ್ತರಿಗಳ ವಿಚಾರ ಹೇಳಲು ನಾವು ನಿಂತಿದ್ದೇವೆ. ನಾವು ಎಂದರೆ ಒಂಬತ್ತು ಮನೆಯವರು, ಹೆಚ್ಚಿನವರು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಒಂಬತ್ತು ಜನರ ಪರವಾಗಿ ಒಬ್ಬರ ಬಾಯಿ ಆಡುತ್ತಿದೆ, ಅಷ್ಟೆ.

ದಿನವೆಲ್ಲ ಅಂಕಿಗಳನ್ನು ಕೂಡಿ ಕಳೆಯುವ ಕೈಗಳಿಗೆ ಮುಟ್ಟಿ ನೋಡಬಹುದಾದ ಕೆಲಸವೊಂದು ಬೇಕೆನ್ನಿಸುವುದು ಸಹಜ. ಊರಿನ ಮನೆಗೆ ಜಗಲಿಯಿತ್ತು, ಹಿತ್ತಲಿತ್ತು. ಮುರಿದ ಕುರ್ಚಿಯ ಕಾಲನ್ನು ಅಲ್ಲಿಯೇ ಕೂಡಿಸಬಹುದಿತ್ತು. ಇಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಸಂಸಾರದಲ್ಲಿ ಮೊಳೆ ಹೊಡೆದರೆ ಮೂರು ಮನೆಯವರು ಬಾಗಿಲು ತೆರೆಯುತ್ತಾರೆ. ಆದುದರಿಂದ 2022ರ ಜೂನ್ ತಿಂಗಳಲ್ಲಿ ಎಲ್ಲರೂ ಕೂಡಿ ಡೊಂಬಿವಲಿಯಲ್ಲಿ ವಸತಿಯ ಕಟ್ಟಡವೊಂದರ ಕೆಳ ಅಂತಸ್ತಿನ ಕೋಣೆಯನ್ನು ಬಾಡಿಗೆಗೆ ಹಿಡಿದೆವು.

ಇಲ್ಲಿಂದ ನಮ್ಮ ತಪ್ಪುಗಳ ಲೆಕ್ಕ ಆರಂಭ. ನೂರು ರೂಪಾಯಿ ಕಟ್ಟಲು ಬಂದವರಿಂದಲೂ ಸಹಿ ಪಡೆಯದೆ ಬಿಡದ ನಾವು, 20,000 ರೂಪಾಯಿ ಠೇವಣಿಯನ್ನು ಬಾಯಿಮಾತಿನ ಮೇಲೆ ಕೊಟ್ಟು ಬಂದೆವು. ಚೀಟಿಯಿಲ್ಲ, ಕರಾರಿಲ್ಲ. ಕೆಲಸದ ಮೇಜನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿದೆವು; ಹಲಗೆಗಳನ್ನು ಗೋಡೆ ಕೊರೆದು ಕೂಡಿಸಿದೆವು. ಉಳಿ ಹಿಡಿಯಲು ಬಾರದವರು ಮೊಟ್ಟಮೊದಲು ಕೊಂಡದ್ದು ವಿದ್ಯುತ್ ಗರಗಸ!

ಮೇಲಿನ ಮನೆಯಲ್ಲಿ ರಾತ್ರಿ ಪಾಳಿಯ ನರ್ಸೊಬ್ಬರಿದ್ದರು. ಒಂದು ಭಾನುವಾರ ಕೆಳಗಿಳಿದು ಬಂದು, ಒಂದೇ ಒಂದು ಗಂಟೆ ಮಲಗಲು ಬಿಡಿರೆಂದು ಕೈ ಮುಗಿದರು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ; ನಮ್ಮ ಗರಗಸದ ಕೂಗು ಅದನ್ನು ಎಷ್ಟೋ ಮೀರಿತ್ತು. ಆದರೆ ಆಕೆಯ ಮುಖ ನೋಡಿದ ಮೇಲೆ ನಿಯಮ ನೋಡುವ ಅಗತ್ಯವೇ ಇರಲಿಲ್ಲ. ತಪ್ಪು ನಮ್ಮದೇ. 2023ರ ಜನವರಿಯಲ್ಲಿ ಮಾಲೀಕರು ಎಂಟು ದಿನದೊಳಗೆ ಖಾಲಿ ಮಾಡಲು ಹೇಳಿದರು. ಗೋಡೆಯ ದುರಸ್ತಿಗೆಂದು ಠೇವಣಿಯನ್ನು ಪೂರ್ತಿ ಮುರಿದುಕೊಂಡರು. ಬಿಗಿದ ಮೇಜನ್ನು ಕೀಳುವಾಗ ಅದು ಸೀಳಿಹೋಯಿತು. ನಮ್ಮಲ್ಲಿಬ್ಬರು, ಇನ್ನು ಈ ಹುಚ್ಚು ಸಾಕೆಂದು ಹಿಂದೆ ಸರಿಯುವುದರಲ್ಲಿದ್ದರು.

ಆಗ ನಮ್ಮ ಕೈಹಿಡಿದವರು ಉಡುಪಿಯ ಕಡೆಯ ವೃದ್ಧ ಆಚಾರಿಯೊಬ್ಬರು. ಮುಂಬಯಿಯ ಪೀಠೋಪಕರಣದ ಕಾರ್ಖಾನೆಗಳಲ್ಲಿ ಬಾಳು ಸವೆಸಿ ಈಗ ಮಗನ ಮನೆಯಲ್ಲಿರುವವರು. ನಾವು ಸೀಳಿದ ಮೇಜನ್ನು ತೋರಿಸಿ ಹಲುಬಿದಾಗ ಅವರು ನಕ್ಕರು. “ಮಾರಾಯ್ರೇ, ಕೂತು ಕೆಲಸ ಮಾಡ್ಲಿಕ್ಕೆ ನೆಲ ಉಂಟಲ್ಲ? ಹಿಡ್ಕೊಳ್ಳಿಕ್ಕೆ ಕಾಲುಂಟಲ್ಲ?” ಎಂದು ಹೇಳಿ, ಒಂದು ದಪ್ಪ ಹಲಗೆಯನ್ನು ನೆಲಕ್ಕೆ ಹಾಕಿ, ಮರದ ತುಂಡನ್ನು ಪಾದಗಳ ನಡುವೆ ಒತ್ತಿ ಹಿಡಿದು ಹತ್ತರಿ ಹೊಡೆದು ತೋರಿಸಿದರು. ಅವರ ಕೈ ಈಗ ನಡುಗುತ್ತದೆ. ಹತ್ತರಿ ಹಿಡಿದಾಗ ಮಾತ್ರ ನಡುಗುವುದಿಲ್ಲ. ಬಾಡಿಗೆಯ ಜಾಗದಲ್ಲಿ ಗೋಡೆಯನ್ನು ನಂಬಬಾರದು, ಹೊತ್ತೊಯ್ಯಬಹುದಾದುದನ್ನೇ ಕಟ್ಟಿಕೊಳ್ಳಬೇಕು ಎಂಬ ಪಾಠ ಅಂದು ನಮಗಾಯಿತು.

ಎರಡನೆಯ ಜಾಗವನ್ನು 2023ರ ಏಪ್ರಿಲಿನಲ್ಲಿ, ವಸತಿಯಿಂದ ದೂರ, ಸಣ್ಣ ಕಾರ್ಖಾನೆಗಳ ನಡುವಿನ ಗಾಲಾ ಒಂದರಲ್ಲಿ ಹಿಡಿದೆವು. ಅಗಲ 10 ಅಡಿ, ಉದ್ದ 14 ಅಡಿ. ಈ ಸಲ ಕಾಗದವನ್ನು ಮೊದಲು ನೋಡಿದೆವು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಬರೆಹದಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಾಯಿಸುವ ಹೊಣೆ ಮಾಲೀಕರದು. ಹನ್ನೊಂದೇ ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ಮಾತು ಈ ರಾಜ್ಯದಲ್ಲಿ ನಡೆಯದು. ಕರಾರಿನಲ್ಲಿ ನಾಲ್ಕು ಸಂಗತಿಗಳನ್ನು ಬರೆಸಿದೆವು: ಜಾಗದ ಉಪಯೋಗವೇನು, ಕೆಲಸದ ಹೊತ್ತು ಯಾವುದು, ಠೇವಣಿ ಎಷ್ಟು ದಿನದೊಳಗೆ ಹಿಂದಕ್ಕೆ ಬರಬೇಕು, ನಾವು ತಂದು ಇಟ್ಟ ಸಾಮಾನು ಯಾರದು. ಇಷ್ಟನ್ನು ಬರೆಸಲು ನಾಚಿಕೆ ಪಡಬಾರದು. ಒಳ್ಳೆಯ ಮಾಲೀಕರಿಗೂ ಅದರಿಂದ ನೆಮ್ಮದಿಯೇ.

ಮುಂದಿನದು ವಿದ್ಯುತ್ತು. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಅಷ್ಟು ಕೆಲಸ ಕೊಡಲು ಮೋಟಾರು ಅದಕ್ಕಿಂತ ಹೆಚ್ಚನ್ನೇ ಎಳೆಯುತ್ತದೆ. ತಿರುಗಲು ತೊಡಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಮನೆಯ ಫ್ಯಾನು ದೀಪಗಳ 6 ಆಂಪಿಯರಿನ ಪ್ಲಗ್ಗು ಇದಕ್ಕೆ ಸಾಲದು. 16 ಆಂಪಿಯರಿನ ಪ್ಲಗ್ಗು, ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗು, ವಿದ್ಯುತ್ತು ಸೋರಿದ ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚು, ಇವು ಪರವಾನಿಗೆ ಪಡೆದ ಕೆಲಸಗಾರರಿಂದಲೇ ಆಗಬೇಕು. ಇಲ್ಲಿ ಉಳಿತಾಯ ಸಲ್ಲದು.

ಮರದ ಹುಡಿಯನ್ನು ಹಗುರವಾಗಿ ಎಣಿಸಬಾರದು. ಅದು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ ನಿರ್ಣಯಿಸಿದೆ. ಆದುದರಿಂದ ಮೂಗಿಗೆ ಮುಸುಕು, ಗೋಡೆಯಲ್ಲಿ ಗಾಳಿ ಹೊರದೂಡುವ ಫ್ಯಾನು, ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುವುದು ಕಡ್ಡಾಯ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖದಿಂದ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಬಿಡಿಸಿ ಹರವಬೇಕು.

ಹತಾರಗಳನ್ನು ಆಚಾರ್ರನ್ನು ಕರೆದುಕೊಂಡು ಹೋಗಿ ನಾಗದೇವಿ ಬೀದಿಯಲ್ಲಿ ಕೊಂಡೆವು: ಒಂದು ಗರಗಸ, ಅರ್ಧ, ಮುಕ್ಕಾಲು, ಒಂದು ಅಂಗುಲದ ಮೂರು ಉಳಿ, ಒಂದು ಹತ್ತರಿ, ಮೂಲೆಮಟ್ಟ, ಕೊಡತಿ, ಸಾಣೆಕಲ್ಲು. ಮೊದಲ ತಿಂಗಳೆಲ್ಲ ಅವರು ನಮ್ಮಿಂದ ಮಾಡಿಸಿದ್ದು ಉಳಿ ಮಸೆಯುವುದೊಂದೇ! ಮೊಂಡು ಉಳಿಗೆ ಬಲ ಹೆಚ್ಚು ಬೇಕು. ಬಲ ಹೆಚ್ಚಾದಾಗಲೇ ಅದು ಜಾರಿ ಕೈಗೆ ತಾಗುವುದು. ನೆಲದಲ್ಲಿ ಕೂರಲಾರದವರಿಗೆಂದು ಮೇಜನ್ನೂ ಮಾಡಿದೆವು. ಆದರೆ ನಟ್ಟು ಬೋಲ್ಟು ಬಿಚ್ಚಿದರೆ ಅದು ಐದು ತುಂಡು. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ.

ಲೆಕ್ಕವನ್ನೂ ಒಪ್ಪಿಸಿಬಿಡುತ್ತೇವೆ. ಮನೆಗೆ 1,200ರಂತೆ ತಿಂಗಳಿಗೆ 10,800 ರೂಪಾಯಿ ಕೂಡುತ್ತದೆ. ಬಾಡಿಗೆ 7,000, ವಿದ್ಯುತ್ತು ಸುಮಾರು 1,000, ಅಲಗು, ಅಂಟು, ಉಪ್ಪುಕಾಗದಗಳಿಗೆ 1,300; ಉಳಿದ 1,500 ಸವಕಳಿ ನಿಧಿಗೆ. ಮರದ ಬೆಲೆ ಅವರವರದು. ಹಣ ಇಬ್ಬರ ಸಹಿಯ ಖಾತೆಯಲ್ಲಿದೆ. ಸ್ನೇಹ ಕೆಡುವುದು ಕೆಲಸದಲ್ಲಲ್ಲ, ಬರೆದಿಡದ ಲೆಕ್ಕದಲ್ಲಿ ಎಂಬುದು ನಮ್ಮ ಕಸುಬಿನ ಅನುಭವ.

ಇಷ್ಟೆಲ್ಲ ಖರ್ಚಿಗೆ ಫಲವೇನೆಂದು ತಾವು ಕೇಳಬಹುದು. ಪೇಟೆಯಲ್ಲಿ ಕೊಂಡರೆ ಇದಕ್ಕಿಂತ ಅಗ್ಗವಾಗಿ ಬರುವ ಸ್ಟೂಲುಗಳನ್ನೇ ನಾವು ಮಾಡಿರುವುದು ನಿಜ. ಮೇ ತಿಂಗಳಲ್ಲಿ ಮಾಡಿದ ಡ್ರಾಯರು ಮಳೆಗಾಲದಲ್ಲಿ ಉಬ್ಬಿ ತೆರೆಯದೆ ಹೋದದ್ದೂ ಉಂಟು. ಆದರೆ ನಮ್ಮಲ್ಲೊಬ್ಬರ ಹತ್ತು ವರ್ಷದ ಮಗಳ ಮಾತು ಹೇಳಬೇಕು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಆಚಾರ್ರಿಗೆ ಹತಾರಗಳ ಹೆಸರು ಕನ್ನಡ, ತುಳುಗಳಲ್ಲದೆ ಬೇರೆ ಬಾಯಿಗೆ ಬಾರದು. “ಅಜ್ಜಾ, ಕೊಡತಿ ಕೊಡಿ” ಎಂದು ಕೇಳದೆ ಅವಳಿಗೆ ಕೊಡತಿ ಸಿಗುವಂತಿರಲಿಲ್ಲ. ಆರು ಭಾನುವಾರ ಕೂತು ಊರಿನ ಅಜ್ಜಿಗೆಂದು ಒಂದು ಮಣೆ ಮಾಡಿದಳು. ಅಜ್ಜಿಗೆ ಮಂಡಿನೋವು, ಮಣೆಯ ಮೇಲೆ ಕೂರಲಾರರು. ಅದರ ಮೇಲೆ ಕುಡಿಯುವ ನೀರಿನ ಕೊಡ ಇಟ್ಟಿದ್ದಾರಂತೆ. ಮಣೆ ಅಲುಗುತ್ತದೆಯೇ ಎಂದು ಹುಡುಗಿ ಫೋನಿನಲ್ಲಿ ಪ್ರತಿ ವಾರ ವಿಚಾರಿಸುತ್ತಾಳೆ, ಕನ್ನಡದಲ್ಲಿ.

ಈಗ ನಡೆಯುತ್ತಿರುವುದು ಮೂರನೆಯ ಕರಾರು; ಬರುವ ಡಿಸೆಂಬರಿಗೆ ಮುಗಿಯುತ್ತದೆ. ಮಾಲೀಕರು ಆ ಶೆಡ್ಡನ್ನು ಕೆಡವಿ ಹೊಸದಾಗಿ ಕಟ್ಟುವ ಯೋಚನೆಯಲ್ಲಿದ್ದಾರೆ. ನಾವು ಮತ್ತೆ ಹೊರಡಬೇಕಾಗಬಹುದು. ಚಿಂತೆಯಿಲ್ಲವೆಂದಲ್ಲ, ಆದರೆ ಈ ಸಲ ಎಲ್ಲವೂ ಒಂದು ಟೆಂಪೋದಲ್ಲಿ ಹಿಡಿಸುತ್ತದೆ, ಸೀಳುವಂಥದು ಯಾವುದೂ ಇಲ್ಲ. ಕಲಿತದ್ದಂತೂ ಕೈಯಲ್ಲೇ ಇದೆ.

ತಮ್ಮಲ್ಲಿ ಒಂದು ಬಿನ್ನಹ. 150 ಚದರ ಅಡಿಯ, ವಸತಿಯಿಂದ ದೂರದ ಜಾಗ ಯಾರ ಕಣ್ಣಿಗಾದರೂ ಬಿದ್ದರೆ ದಯವಿಟ್ಟು ಸಂಘದ ಕಚೇರಿಗೆ ತಿಳಿಸಿರಿ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬಾಗಿಲು ತೆರೆದಿರುತ್ತದೆ. ಮಕ್ಕಳನ್ನು ಕರೆತನ್ನಿರಿ, ವಿದ್ಯುತ್ ಯಂತ್ರಗಳನ್ನು ಅವರು ಮುಟ್ಟುವಂತಿಲ್ಲ, ಆದರೆ ಆಚಾರ್ರ ಪಕ್ಕದ ಹಲಗೆಯ ಬಳಿ ಇನ್ನಿಬ್ಬರಿಗೆ ಸ್ಥಳವಿದೆ.