ಉಳ್ಳಾಗಡ್ಡಿಯ ಬೆಲೆಯೂ ಸರಕಾರದ ಅಂಕೆಯೂ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಅಕ್ಕಲಕೋಟ ಸೀಮೆಯ ಈ ಶಾಲೆಯಲ್ಲಿ ಕಲಿತವರಲ್ಲಿ ಅನೇಕರು ಒಕ್ಕಲುತನದ ಮನೆಗಳವರು. ನಮ್ಮ ಹೊಲದ ಉಳ್ಳಾಗಡ್ಡಿ ಸೊಲ್ಲಾಪುರದ ಮಾರುಕಟ್ಟೆಯನ್ನು ಸೇರುತ್ತದೆ. ಗಡಿಯಾಚೆಯ ವಿಜಯಪುರ, ಕಲಬುರಗಿ ಕಡೆಯ ಮಾಲೂ ಅಲ್ಲಿಗೆ ಬರುತ್ತದೆ. ಆದರೆ ಅದರ ಬೆಲೆಯನ್ನು ಅಲ್ಲಿಯ ಹರಾಜು ಒಂದೇ ನಿರ್ಧರಿಸುವುದಿಲ್ಲ. ದಿಲ್ಲಿಯ ಆಜ್ಞೆಗಳೂ ನಿರ್ಧರಿಸುತ್ತವೆ. ಆ ಆಜ್ಞೆಗಳ ಪರಿಣಾಮವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

1955ರ ಅವಶ್ಯಕ ವಸ್ತುಗಳ ಕಾಯದೆಯು ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಹಾಕುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. 2019ರ ಸೆಪ್ಟೆಂಬರಿನಲ್ಲಿ ಬೆಲೆ ಏರಿದಾಗ ಚಿಲ್ಲರೆ ವ್ಯಾಪಾರಿಗೆ 100 ಕ್ವಿಂಟಲ್, ಸಗಟು ವ್ಯಾಪಾರಿಗೆ 500 ಕ್ವಿಂಟಲ್ ಎಂದು ಮಿತಿ ಹಾಕಲಾಯಿತು, ರಫ್ತನ್ನೂ ನಿಲ್ಲಿಸಲಾಯಿತು. 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ 40ರಷ್ಟು ಸುಂಕ ಬಂದಿತು. ಡಿಸೆಂಬರಿನಲ್ಲಿ ರಫ್ತೇ ನಿಷೇಧವಾಯಿತು. ಆ ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ.

ಇದರ ಉದ್ದೇಶವನ್ನು ಅಲ್ಲಗಳೆಯಲಾಗದು. ಕೂಲಿ ಮಾಡಿ ಬದುಕುವವನ ಗಳಿಕೆಯ ದೊಡ್ಡ ಪಾಲು ಆಹಾರಕ್ಕೇ ಹೋಗುತ್ತದೆ. ಅವನ ಸಂಕಟಕ್ಕೆ ಕಿವಿಗೊಡುವುದು ಸರಕಾರದ ಧರ್ಮ. ಪ್ರಶ್ನೆಯಿರುವುದು ಆ ಉಪಕಾರದ ವೆಚ್ಚವನ್ನು ಯಾರು ಹೊರುತ್ತಾರೆ ಎಂಬುದರಲ್ಲಿ.

ರಫ್ತು ನಿಷೇಧದಿಂದ ಒಂದು ಗಡ್ಡೆಯೂ ಹೆಚ್ಚು ಬೆಳೆಯುವುದಿಲ್ಲ. ಹೊರಗೆ ಹೋಗಬೇಕಾದ ಮಾಲು ಒಳಪೇಟೆಗೆ ಬಂದು ಬೀಳುತ್ತದೆ, ಬೆಲೆ ಇಳಿಯುತ್ತದೆ. ಕೊಳ್ಳುವವನಿಗೆ ಉಳಿದ ಹಣ ರೈತನಿಗೆ ಆದ ನಷ್ಟವೇ. ಡಿಸೆಂಬರಿನ ಹೊತ್ತಿಗೆ ಪೇಟೆಗೆ ಬರುವುದು ಮುಂಗಾರಿನ ಗಡ್ಡೆ. ಅದು ಬೇಸಿಗೆಯಲ್ಲಿ ಕೀಳುವ ಗಡ್ಡೆಯಂತೆ ತಿಂಗಳುಗಟ್ಟಲೆ ತಾಳುವುದಿಲ್ಲ. ಬೆಲೆ ಬರುವವರೆಗೆ ಕಾಯುವ ದಾರಿ ರೈತನಿಗಿಲ್ಲ. ದಾಸ್ತಾನಿನ ಮಿತಿಯದೂ ಇದೇ ಕಥೆ. ಕೂಡಿಟ್ಟು ಮೋಸ ಮಾಡುವವರು ಇಲ್ಲವೆಂದಲ್ಲ. ಆದರೆ ಬೇಸಿಗೆಯ ಬೆಳೆಯನ್ನು ಮಳೆಗಾಲದವರೆಗೆ ಕೂಡಿಡುವವರೂ ಬೇಕು. ಅವರು ಕೊಳ್ಳಲು ಹೆದರಿದರೆ ಸುಗ್ಗಿಯಲ್ಲಿ ಬೆಲೆ ಕುಸಿಯುತ್ತದೆ, ಮುಂದೆ ಕೊರತೆ ಹೆಚ್ಚುತ್ತದೆ. ಕೈಸುಟ್ಟುಕೊಂಡ ರೈತ ಮರುವರ್ಷ ಬಿತ್ತನೆ ತಗ್ಗಿಸಿದರೆ ಬೆಲೆ ಮತ್ತೆ ಏರುತ್ತದೆ; ಮತ್ತೆ ಆಜ್ಞೆ ಹೊರಡುತ್ತದೆ.

ಹಾಗಾದರೆ ಪೇಟೆಯನ್ನು ಅದರ ಪಾಡಿಗೆ ಬಿಟ್ಟರೆ ಸಾಕೆ? ಸಾಲದು. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ರೈತರೊಬ್ಬರು 512 ಕಿಲೋ ಉಳ್ಳಾಗಡ್ಡಿ ಮಾರಿದಾಗ, ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆದು ಅವರ ಕೈಗೆ ಬಂದದ್ದು 2 ರೂಪಾಯಿಯ ಚೆಕ್. ಆಗ ಯಾವ ನಿಷೇಧವೂ ಇರಲಿಲ್ಲ, ಮಾಲು ಮಿಕ್ಕಿತ್ತು. ಕೇಂದ್ರ ಸರಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವ ಬೆಳೆಗಳಲ್ಲಿ ಉಳ್ಳಾಗಡ್ಡಿ ಇಲ್ಲ. ಬೆಲೆ ಏರಿದಾಗ ತಡೆಯುವ ಕೈ, ಬಿದ್ದಾಗ ಅಷ್ಟೇ ಬಲವಾಗಿ ಎತ್ತುವುದಿಲ್ಲ. ನನ್ನ ಆಕ್ಷೇಪಣೆ ಹಸ್ತಕ್ಷೇಪದ ಬಗೆಗಲ್ಲ, ಅದು ಒಂದೇ ಕಡೆಗೆ ವಾಲಿರುವುದರ ಬಗೆಗೆ.

ಬೆಲೆ ಸ್ಥಿರೀಕರಣ ನಿಧಿಯಿಂದ ಸರಕಾರ ಉಳ್ಳಾಗಡ್ಡಿಯನ್ನು ಕೊಂಡು ಕೂಡಿಡುವ ಪದ್ಧತಿ ಈಗಾಗಲೇ ಇದೆ. ಸುಗ್ಗಿಯಲ್ಲಿ ನ್ಯಾಯದ ಬೆಲೆಗೆ ಕೊಂಡು ಕೊರತೆಯಲ್ಲಿ ಮಾರುವ ಈ ದಾರಿಯನ್ನು ವಿಸ್ತರಿಸಬೇಕು. ಹಳ್ಳಿಗಳಲ್ಲಿ ಗಾಳಿಯಾಡುವ ಒಳ್ಳೆಯ ಉಗ್ರಾಣಗಳಾಗಬೇಕು. ರಫ್ತಿನ ನಿಯಮ ಬಿತ್ತನೆಗೆ ಮೊದಲೇ ತಿಳಿದಿರಬೇಕು; ಬೆಳೆ ಕಿತ್ತ ಮೇಲೆ ಬದಲಾಗಬಾರದು. ಬಡವನಿಗೆ ಅಗ್ಗದಲ್ಲಿ ಕೊಡಬೇಕಾದರೆ ಆ ವೆಚ್ಚವನ್ನು ಬೊಕ್ಕಸ ಹೊರಲಿ, ಒಬ್ಬ ರೈತನ ಹೆಗಲಿಗೆ ಬೀಳದಿರಲಿ.

ವಿದ್ಯಾರ್ಥಿಗಳೆ, ಮನೆಯ ಮಾಲು ಪೇಟೆಗೆ ಹೋದಾಗ ಅದರ ಪಟ್ಟಿಯನ್ನು ಬಿಡಿಸಿ ಓದಿರಿ. ದರವೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿರಿ. ಲೆಕ್ಕ ಬಲ್ಲವನೇ ನ್ಯಾಯ ಕೇಳಬಲ್ಲ. ನೂರು ವರ್ಷ ಈ ಶಾಲೆ ನಮ್ಮ ನುಡಿಯಲ್ಲಿ ಲೆಕ್ಕ ಕಲಿಸಿದ್ದು ಅದಕ್ಕಾಗಿಯೂ ಹೌದು.