ಅಮೂರ್ತ ಚಿತ್ರವನ್ನು ನೋಡುವ ಬಗೆ

(ಶಾಲಾ ವಾರ್ಷಿಕೋತ್ಸವದ ಚಿತ್ರಕಲಾ ಪ್ರದರ್ಶನದಲ್ಲಿ ಮಾಡಿದ ಭಾಷಣ)



ಮರವಾಗಲಿ ಮನುಷ್ಯನಾಗಲಿ ಕಾಣದ ಚಿತ್ರವೊಂದರ ಮುಂದೆ ನಿಂತೊಡನೆ ನಾವು ಕೇಳುವ ಪ್ರಶ್ನೆ, "ಇದೇನು?" ಎಂಬುದು. ಉತ್ತರ ದೊರೆಯದಿದ್ದರೆ ಚಿತ್ರಕಾರನು ನಮ್ಮನ್ನು ವಂಚಿಸಿದನೆಂದು ಬಗೆದು ಮುಂದೆ ಸಾಗುತ್ತೇವೆ. ಆದರೆ ನಮ್ಮ ತಾಯಂದಿರು ಅಂಗಳದಲ್ಲಿ ಚುಕ್ಕಿಯಿಟ್ಟು ಎಳೆದ ರಂಗೋಲಿಯನ್ನು ಕಂಡು ಯಾರೂ ಹಾಗೆ ಕೇಳುವುದಿಲ್ಲ. ರಾಗದ ಆಲಾಪನೆಯಲ್ಲಿ ಸಾಹಿತ್ಯವಿಲ್ಲ. ಆದರೂ ಮನಸ್ಸು ಕರಗುತ್ತದೆ. ರೇಖೆಗೂ ವರ್ಣಕ್ಕೂ ಅಂತಹ ಸ್ವತಂತ್ರ ಶಕ್ತಿಯುಂಟೆಂಬ ನಂಬಿಕೆಯೇ ಅಮೂರ್ತ ಚಿತ್ರಕಲೆಯ ತಳಹದಿ.

ಕಲಾವಿದರು ತಾವೇ ಬರೆದಿಟ್ಟ ಮಾತುಗಳು ಇಲ್ಲಿ ನಮಗೆ ನೆರವಾಗುತ್ತವೆ. 1866ರಲ್ಲಿ ರಷ್ಯಾದಲ್ಲಿ ಜನಿಸಿದ ವಾಸಿಲಿ ಕಾಂಡಿನ್‌ಸ್ಕಿಯವರು 1913ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾರೆ. ಮ್ಯೂನಿಕ್ ನಗರದಲ್ಲಿ ಒಂದು ಮುಸ್ಸಂಜೆ ಅವರು ತಮ್ಮ ಚಿತ್ರಶಾಲೆಯನ್ನು ಹೊಕ್ಕಾಗ, ಅತಿ ಸುಂದರವಾದ ಚಿತ್ರವೊಂದು ಗೋಡೆಗೆ ಒರಗಿತ್ತು. ಬಣ್ಣ ಮತ್ತು ಆಕೃತಿಗಳ ಹೊರತು ಅದರಲ್ಲಿ ಏನೂ ಗುರುತಾಗಲಿಲ್ಲ. ಸಮೀಪಿಸಿ ನೋಡಿದರೆ, ಅದು ಅಡ್ಡವಾಗಿ ನಿಲ್ಲಿಸಿದ್ದ ಅವರದೇ ಚಿತ್ರ! ಮರುದಿನ ಹಗಲಿನಲ್ಲಿ ಅದರೊಳಗಿನ ವಸ್ತುಗಳು ಗುರುತಾದವು. ಹಿಂದಿನ ಸಂಜೆಯ ಸೊಗಸು ಮಾತ್ರ ಮರಳಲಿಲ್ಲ. ವಸ್ತುಗಳೇ ತಮ್ಮ ಚಿತ್ರಕ್ಕೆ ಅಡ್ಡಿಯೆಂದು ಅವರಿಗೆ ಅಂದು ಮನವರಿಕೆಯಾಯಿತು.

ನಮ್ಮ ದೇಶದ ಸೈಯದ್ ಹೈದರ್ ರಜಾ ಅವರ ಕಥೆ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಅವರು 1922ರಲ್ಲಿ ಮಧ್ಯಪ್ರದೇಶದ ಕಾಡುನಾಡಿನಲ್ಲಿ ಜನಿಸಿದರು. ಬಾಲಕನ ಮನಸ್ಸು ಪಾಠದಲ್ಲಿ ನಿಲ್ಲದಿರಲು, ಹಳ್ಳಿಯ ಶಾಲೆಯ ಗುರುಗಳು ಗೋಡೆಯ ಮೇಲೆ ಒಂದು ಬಿಂದುವನ್ನು ಬರೆದು, ಅದನ್ನೇ ನೋಡುತ್ತಿರುವಂತೆ ಹೇಳಿದರು. ರಜಾ ಅವರು 1950ರಲ್ಲಿ ಫ್ರಾನ್ಸಿಗೆ ತೆರಳಿ, ಸುಮಾರು ಅರುವತ್ತು ವರ್ಷ ಅಲ್ಲಿ ನೆಲೆಸಿದರು. ಆದರೂ ಅವರ ಹೆಸರನ್ನು ಜಗತ್ತಿಗೆ ಸಾರಿದುದು ಆ ಬಿಂದುವೇ. 1980ರ ಸುಮಾರಿನಿಂದ ದೊಡ್ಡ ಕರಿಯ ವೃತ್ತವಾಗಿ ಅದು ಅವರ ಚಿತ್ರಗಳ ನಡುವೆ ನೆಲೆನಿಂತಿತು. 1981ರ 'ಮಾ' ಎಂಬ ಚಿತ್ರದಲ್ಲಿ ಅವರು ದೇವನಾಗರಿ ಅಕ್ಷರಗಳನ್ನೂ ಬರೆದರು. 2016ರಲ್ಲಿ ದೆಹಲಿಯಲ್ಲಿ ನಿಧನರಾದ ಅವರನ್ನು, ಅವರ ಇಚ್ಛೆಯಂತೆಯೇ, ಮಂಡ್ಲಾದಲ್ಲಿ ತಂದೆಯ ಸಮಾಧಿಯ ಪಕ್ಕದಲ್ಲಿ ಮಣ್ಣುಮಾಡಲಾಯಿತು.

ಇಂತಹ ಚಿತ್ರವನ್ನು ನೋಡುವುದೆಂತು? ಮೊದಲು ಸುಮ್ಮನೆ ನಿಲ್ಲಿರಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಯಾವ ಬಣ್ಣ ಮುಂದೆ ಬಂದಿತು, ಯಾವುದು ಹಿಂದೆ ಸರಿಯಿತು ಎಂಬುದನ್ನು ಗಮನಿಸಿರಿ. ಬಳಿಕ ಹತ್ತಿರ ಹೋಗಿ ಕುಂಚದ ಗುರುತುಗಳನ್ನು ನೋಡಿರಿ. ಚಿತ್ರದ ಹೆಸರನ್ನೂ ಕಲಾವಿದನ ಬರಹವನ್ನೂ ಕಡೆಗೆ ಓದಿರಿ. ಇಷ್ಟೆಲ್ಲ ಮಾಡಿಯೂ ಚಿತ್ರವು ಹಿಡಿಸದಿದ್ದರೆ, ಹಿಡಿಸಲಿಲ್ಲವೆನ್ನಲು ನಿಮಗೆ ಪೂರ್ಣ ಅಧಿಕಾರವಿದೆ.

ಪೋಷಕರಲ್ಲಿ ನನ್ನದೊಂದು ಬಿನ್ನಹ. ಮಗುವು ಬಣ್ಣ ಬಳಿದು ತಂದಾಗ "ಇದೇನು ಗೀಚಿದೆ?" ಎಂದು ಗದರಬೇಡಿ, "ಈ ಕೆಂಪನ್ನು ಇಲ್ಲೇಕೆ ಇಟ್ಟೆ?" ಎಂದು ಕೇಳಿರಿ. ಗಡಿನಾಡಿನ ನಮ್ಮ ಈ ಚಿಕ್ಕ ಕನ್ನಡ ಶಾಲೆಯ ಗೋಡೆಯ ಮೇಲೆ ಇಂದು ಬರೆದ ಚುಕ್ಕಿಯು ಯಾವ ಮಗುವಿನೊಡನೆ ಎಷ್ಟು ದೂರ ಪಯಣಿಸುವುದೋ ಯಾರು ಬಲ್ಲರು?