ಬೌದ್ಧ ಕ್ಷೇತ್ರಗಳಲ್ಲಿ ಚಿತ್ರ ತೆಗೆಯುವ ಬಗೆ



ಹೂವಿನಹಡಗಲಿಯ ಸೀಮೆಯಿಂದ, ಅದರಲ್ಲಿಯೂ ನಮ್ಮ ಮಾಗಳದಂತಹ ಗ್ರಾಮಗಳಿಂದ, ಪ್ರವಾಸ ಹೊರಡತಕ್ಕವರು ಈಗ ಬಹಳ ಮಂದಿ. ಮೈಸೂರನ್ನು ನೋಡಲು ಹೋದವರಲ್ಲಿ ಅನೇಕರು ಬೈಲುಕುಪ್ಪೆಯಲ್ಲಿರುವ ಟಿಬೆಟನ್ನರ ಸ್ವರ್ಣಮಂದಿರವನ್ನೂ ಕಂಡು ಬರುತ್ತಾರೆ. ಕೆಲವರು ಸಮುದ್ರವನ್ನು ದಾಟಿ ಸಿಂಹಳದ್ವೀಪಕ್ಕೆ ಹೋಗಿ ಅನುರಾಧಪುರ, ಪೊಲೊನ್ನರುವ, ಕ್ಯಾಂಡಿಗಳನ್ನು ಸಂದರ್ಶಿಸುವುದೂ ಉಂಟು. ಎಲ್ಲರ ಬಳಿಯಲ್ಲಿಯೂ ಕ್ಯಾಮೆರಾ ಇದೆ. ಬೇರೆ ಕ್ಯಾಮೆರಾ ಇಲ್ಲದವರಿಗೆ ಮೊಬೈಲೇ ಕ್ಯಾಮೆರಾ. ಆದರೆ ಊರಿಗೆ ಮರಳಿ ಬಂದು ನೋಡಿದರೆ, ಹಾಲಿನಂತೆ ಬೆಳ್ಳಗೆ ಕಂಡ ಸ್ತೂಪವು ಚಿತ್ರದಲ್ಲಿ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಚಿನ್ನದ ಬುದ್ಧನ ಮುಖದ ಮೇಲೆ ಬಿಳಿಯ ಮಚ್ಚೆಯೊಂದು ಕುಳಿತಿರುತ್ತದೆ. ಮನುಷ್ಯರ ಮುಖಗಳಿರಬೇಕಾದ ಕಡೆ ಬೆನ್ನುಗಳಿರುತ್ತವೆ. ಹೀಗಾಗುವುದಕ್ಕೆ ಕಾರಣವೇನು, ಹೀಗಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಈ ಹೊತ್ತಿನ ನಮ್ಮ ವಿಷಯ.

ಬೌದ್ಧ ಕ್ಷೇತ್ರವೆಂದರೆ ನಮಗೆ ಪರಕೀಯವಾದುದೆಂದು ಯಾರೂ ತಿಳಿಯಬೇಕಾಗಿಲ್ಲ. ತುಂಗಭದ್ರೆಯನ್ನು ದಾಟಿ ಗದಗಿನ ಕಡೆಗೆ ನಡೆದರೆ ಡಂಬಳ ಸಿಕ್ಕುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ಕ್ರಿ. ಶ. 1095ರಲ್ಲಿ, ಅಲ್ಲಿ ಬರೆಯಿಸಿದ ಶಾಸನವು ತಾರಾದೇವಿಯನ್ನೂ ಬೌದ್ಧ ವಿಹಾರವನ್ನೂ ಹೇಳುತ್ತದೆ. ನಮ್ಮ ಹಿರಿಯರು ಕಂಡಿದ್ದ ಧರ್ಮವನ್ನೇ ನಾವು ಈಗ ದೂರ ಹೋಗಿ ಕಾಣುತ್ತಿದ್ದೇವೆ.

ಮೊದಲನೆಯ ಮಾತು ಬೆಳಕಿನದು. ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಮಾಗಳದಲ್ಲಿರುವ ಚಾಲುಕ್ಯ ಶೈಲಿಯ ಹಳೆಯ ದೇವಾಲಯವೇ ಪಾಠಶಾಲೆ. ಒಂದು ದಿನ ಬೆಳಗ್ಗೆ ಏಳು ಗಂಟೆಗೆ, ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ, ಒಂದೇ ಗೋಡೆಯ ಒಂದೇ ಚಿತ್ರವನ್ನು ತೆಗೆದು ನೋಡಿರಿ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು, ಕೆತ್ತನೆಯ ಒಂದೊಂದು ಎಳೆಗೂ ನೆರಳನ್ನು ಕೊಟ್ಟು, ಅದನ್ನು ಎತ್ತಿ ತೋರಿಸುತ್ತದೆ. ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಇಳಿದು, ಸೂರಿನ ಕೆಳಗೆಲ್ಲಾ ಕತ್ತಲೆ ತುಂಬುತ್ತದೆ. ಮನುಷ್ಯರ ಕಣ್ಣುಗಳು ಕುಳಿಗಳಂತೆ ಕಾಣುತ್ತವೆ. ಮಾಗಳದಲ್ಲಿ ಮೇ ತಿಂಗಳ ಮೊದಲಿನಲ್ಲಿಯೂ ಆಗಸ್ಟಿನ ಎರಡನೆಯ ವಾರದಲ್ಲಿಯೂ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ಅನುರಾಧಪುರದಲ್ಲಿ ಏಪ್ರಿಲ್ ಎರಡನೆಯ ವಾರದಲ್ಲಿಯೇ ಬರುತ್ತಾನೆ. ಆದಕಾರಣ ಉಷ್ಣವಲಯದಲ್ಲಿ ಚಿತ್ರ ತೆಗೆಯುವವನು ಬೆಳಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಕೆಲಸಮಾಡಿ, ನಡುವೆ ಒಳಾಂಗಣದಲ್ಲಿಯೋ ಮರದ ನೆರಳಿನಲ್ಲಿಯೋ ಇರುವುದು ಉಚಿತ.

ಇನ್ನೊಂದು ವಿಶೇಷವುಂಟು. ನಮ್ಮ ಕಡೆ ಸೂರ್ಯನು ಹೆಚ್ಚುಕಡಮೆ ನೇರವಾಗಿ ಮುಳುಗುತ್ತಾನೆ. ಲಂಡನ್ನಿನ ಬೇಸಗೆಯಲ್ಲಿ ಸೂರ್ಯಾಸ್ತದ ಮೇಲೆ ಮುಕ್ಕಾಲು ಗಂಟೆ ಉಳಿಯುವ ಸಂಧ್ಯೆಯ ಬೆಳಕು ಇಲ್ಲಿ ಸುಮಾರು 22 ನಿಮಿಷ ಮಾತ್ರ ಇರುತ್ತದೆ. ಬಣ್ಣ ಬಂದ ಮೇಲೆ ಸ್ಥಳ ಹುಡುಕಲು ಹೊರಟರೆ ಕತ್ತಲೆಯೇ ಗತಿ. ಮೊದಲೇ ಸ್ಥಳವನ್ನು ಗೊತ್ತುಮಾಡಿಕೊಂಡು ಕಾದಿರಬೇಕು.

ಎರಡನೆಯದು, ಕ್ಯಾಮೆರಾ ಮಾಡುವ ತಪ್ಪು. ಕ್ಯಾಮೆರಾ ತನ್ನ ಮುಂದಿರುವುದೆಲ್ಲವನ್ನೂ ನಡುಬಣ್ಣದ ಬೂದಿಯೆಂದು ಭಾವಿಸಿ ಬೆಳಕನ್ನು ಅಳೆಯುತ್ತದೆ. ಚಾಲುಕ್ಯರ ಕಪ್ಪು ಛಾಯೆಯ ಕಲ್ಲನ್ನು ಕಂಡರೆ ಇದು ಮಂಕಾಗಿದೆಯೆಂದು ಬಗೆದು ಹೆಚ್ಚು ಬೆಳಕನ್ನು ಒಳಕ್ಕೆ ಬಿಡುತ್ತದೆ, ಕಲ್ಲು ಬಿಳಿಚಿಕೊಳ್ಳುತ್ತದೆ. ಅನುರಾಧಪುರದ ರುವನ್ವೆಲಿಸಾಯದಂತಹ ಸುಣ್ಣದ ಬಿಳುಪಿನ ಮಹಾಸ್ತೂಪವನ್ನು ಕಂಡರೆ ಬೆಳಕು ಅತಿಯಾಯಿತೆಂದು ಬಗೆದು ಕಡಮೆ ಬಿಡುತ್ತದೆ, ಸ್ತೂಪ ಬೂದಿಯಾಗುತ್ತದೆ. ಹೀಗಿರಲು, ಬಿಳಿಯ ಸ್ತೂಪಕ್ಕೆ ಬೆಳಕಿನ ಪ್ರಮಾಣವನ್ನು ಒಂದು ಮೆಟ್ಟಿಲು ಏರಿಸಬೇಕು, ಕಪ್ಪು ಕಲ್ಲಿಗೆ ಒಂದು ಮೆಟ್ಟಿಲು ಇಳಿಸಬೇಕು. ಮೊಬೈಲಿನಲ್ಲಿಯಾದರೆ ಪರದೆಯನ್ನು ಮುಟ್ಟಿ ಬೆರಳನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಸಾಮಾನ್ಯವಾಗಿ ಇದು ಸಾಧ್ಯ.

ಬೈಲುಕುಪ್ಪೆಯ ಮಂದಿರದಲ್ಲಿ ತೊಂದರೆ ಬೇರೆ. 1999ರಲ್ಲಿ ಪ್ರಾರಂಭೋತ್ಸವವಾದ ಆ ಮಂದಿರದೊಳಗೆ ನಡುವಣ ಬುದ್ಧವಿಗ್ರಹದ ಎತ್ತರ 60 ಅಡಿ. ಅದರ ಮೇಲೆ ಚಿನ್ನದ ಲೇಪವಿದೆ. ಮೊಬೈಲಿನ ಫ್ಲಾಷ್ ಹತ್ತು ಹನ್ನೆರಡು ಅಡಿಗಿಂತ ದೂರ ಮುಟ್ಟಲಾರದು. ದೊಡ್ಡ ಫ್ಲಾಷ್ ಮುಟ್ಟಿದರೂ ಹೊಳಪಿನ ಮೇಲೆ ಬಿಳಿಯ ಮಚ್ಚೆಯಾಗಿ ಹಿಂದಿರುಗುತ್ತದೆ. ಅದನ್ನು ಆರಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರನ್ನು ಬಿಗಿಹಿಡಿದು, ದೀಪಗಳ ಬೆಳಕಿನಲ್ಲಿಯೇ ತೆಗೆಯಿರಿ. ಪೂಜೆಯಲ್ಲಿ ಕುಳಿತವರಿಗೂ ಅದರಿಂದ ತೊಂದರೆಯಾಗದು.

ಸಿಂಹಳಕ್ಕೆ ಹೋಗುವವರು ಹವೆಯನ್ನೂ ನೆನಪಿನಲ್ಲಿಡಬೇಕು. ನಮ್ಮ ಒಣ ಸೀಮೆಯವರಿಗೆ ತಿಳಿಯದ ತೇವ ಅಲ್ಲಿದೆ. ತಂಪಾಗಿಸಿದ ಕೊಠಡಿಯಿಂದ ಹೊರಕ್ಕೆ ಬಂದ ಕೂಡಲೆ ಕ್ಯಾಮೆರಾದ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಅದನ್ನು ಒರಸುತ್ತ ನಿಲ್ಲದೆ, ಚೀಲದೊಳಗೇ ಅರ್ಧ ಗಂಟೆ ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಬೇಕು. ಆ ದ್ವೀಪದ ನೈಋತ್ಯ ಭಾಗಕ್ಕೆ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮುಂಗಾರು. ಪೊಲೊನ್ನರುವದ ಕಡೆಗೆ ಮುಖ್ಯವಾದ ಮಳೆ ವರ್ಷದ ಕೊನೆಯಲ್ಲಿ. ಹುಣ್ಣಿಮೆಯ ದಿನ ಅಲ್ಲಿ ರಜೆ. ಬಿಳಿಯ ಉಡುಪಿನ ಭಕ್ತರು ವಿಹಾರಗಳನ್ನು ತುಂಬುತ್ತಾರೆ. ನೋಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಎಚ್ಚರದಿಂದ ನಡೆದುಕೊಳ್ಳಬೇಕಾದ ದಿನವೂ ಅದೇ.

ಇಲ್ಲಿಂದ ಮೂರನೆಯ ಮಾತು. ಬೆಳಕನ್ನು ಬಲ್ಲವನೂ ಇದನ್ನು ಅರಿಯದೆ ಕೆಡುತ್ತಾನೆ. 2012ರಲ್ಲಿ ಸಿಂಹಳದಲ್ಲಿ ಮೂವರು ಫ್ರೆಂಚ್ ಪ್ರವಾಸಿಗಳು ಬುದ್ಧವಿಗ್ರಹಕ್ಕೆ ಮುತ್ತಿಡುವ ಭಂಗಿಯಲ್ಲಿ ಚಿತ್ರ ತೆಗೆಸಿಕೊಂಡು, ಗಾಲೆ ಪಟ್ಟಣದಲ್ಲಿ ಅಚ್ಚುಹಾಕಿಸಲು ಕೊಟ್ಟರು. ಅಂಗಡಿಯವರು ಪೊಲೀಸರಿಗೆ ತಿಳಿಸಿದರು. ನ್ಯಾಯಾಲಯವು ಅವರಿಗೆ ಸೆರೆವಾಸದ ಶಿಕ್ಷೆಯನ್ನು ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ಬುದ್ಧನಿಗೆ ಬೆನ್ನುಮಾಡಿ ನಿಂತು ತಮ್ಮ ಚಿತ್ರ ತೆಗೆದುಕೊಳ್ಳುವುದೂ ಅಲ್ಲಿ ಅವಮಾನವೆನಿಸುತ್ತದೆ. ಪಾದರಕ್ಷೆಯನ್ನೂ ಟೋಪಿಯನ್ನೂ ಕಳಚಿ ಒಳಕ್ಕೆ ಹೋಗತಕ್ಕದ್ದು. ಭಿಕ್ಷುಗಳ ಚಿತ್ರವನ್ನು ಕೇಳಿಯೇ ತೆಗೆಯತಕ್ಕದ್ದು.

ನಾವು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಬೈಲುಕುಪ್ಪೆಯಲ್ಲಿ ಒಮ್ಮೆ, ಪ್ರಾರ್ಥನೆಯ ಚಕ್ರವನ್ನು ತಿರುಗಿಸುತ್ತ ಕುಳಿತಿದ್ದ ವೃದ್ಧೆಯೊಬ್ಬರನ್ನು ಕೇಳದೆಯೇ ಚಿತ್ರ ತೆಗೆದೆವು. ಆಕೆ ಬೈಯಲಿಲ್ಲ, ಅಂಗೈಯಿಂದ ಮುಖವನ್ನು ಮುಚ್ಚಿಕೊಂಡರು, ಅಷ್ಟೆ. 1959ರ ತರುವಾಯ ನಾಡನ್ನೇ ಕಳೆದುಕೊಂಡು ಬಂದು, ಮೈಸೂರು ಸರ್ಕಾರವು ಕೊಟ್ಟ ನೆಲದಲ್ಲಿ ಮತ್ತೆ ಮನೆ ಕಟ್ಟಿಕೊಂಡ ಜನ ಅವರು. ಅವರಿಂದ ಇನ್ನೂ ಏನನ್ನೋ ಕಿತ್ತುಕೊಂಡೆವೆಂದು ನಮಗೆ ನಾಚಿಕೆಯಾಯಿತು. ಆ ಚಿತ್ರವನ್ನು ಆಕೆಯ ಎದುರಿನಲ್ಲಿಯೇ ಅಳಿಸಿದೆವು. ಮರುದಿನ ಹೋಗಿ ಕೈಮುಗಿದು ಪಕ್ಕದಲ್ಲಿ ಕುಳಿತೆವು. ಬಹಳ ಹೊತ್ತಿನ ಮೇಲೆ ಆಕೆಯೇ ಕ್ಯಾಮೆರಾದ ಕಡೆಗೆ ಬೆರಳು ತೋರಿಸಿ, ಉಡುಪನ್ನು ಸರಿಮಾಡಿಕೊಂಡು, ನೆಟ್ಟಗೆ ಕುಳಿತು ನಕ್ಕರು. ಆ ಪ್ರವಾಸದಲ್ಲಿ ನಾವು ತೆಗೆದ ಇನ್ನೂರು ಚಿತ್ರಗಳಲ್ಲಿ ಇಟ್ಟುಕೊಳ್ಳತಕ್ಕದ್ದು ಅದೊಂದೇ.

ಊರಿಗೆ ಬಂದ ಮೇಲೆ ಒಂದು ಯೋಚನೆ ನಮ್ಮನ್ನು ಬಿಡಲಿಲ್ಲ. ಮಾಗಳದ ದೇವಾಲಯವನ್ನು ನೋಡಲು ಹೊರಗಿನವರು ಬರುತ್ತಾರೆ. ಹೊಳೆಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ಬರುವ ನಮ್ಮ ಅಜ್ಜಿಯನ್ನೋ ಅತ್ತೆಯನ್ನೋ ಅವರು ಒಂದು ಮಾತೂ ಕೇಳದೆ ಚಿತ್ರ ತೆಗೆದುಕೊಂಡು ಹೋದರೆ ನಮಗೆ ಹೇಗಿರುತ್ತದೆ? ಗರ್ಭಗುಡಿಯ ಬಾಗಿಲಿಗೆ ಬೆನ್ನು ಕೊಟ್ಟು ಅವರು ನಗುತ್ತ ನಿಂತರೆ ಹೇಗಿರುತ್ತದೆ? ನಮಗೆ ಹೇಗಿರುವುದೋ ಅನುರಾಧಪುರದವರಿಗೂ ಬೈಲುಕುಪ್ಪೆಯವರಿಗೂ ಹಾಗೆಯೇ. ನಮ್ಮ ಊರಿನಲ್ಲಿ ಯಾವುದನ್ನು ಸಹಿಸೆವೋ ಅದನ್ನು ಪರಸ್ಥಳದಲ್ಲಿ ಮಾಡದಿರುವುದು, ಇದಕ್ಕಿಂತ ಬೇರೆ ನಿಯಮ ಬೇಕಾಗಿಲ್ಲ.

ಕಡೆಯದಾಗಿ ಒಂದು ಬಿನ್ನಹ. ಯಾರ ಚಿತ್ರವನ್ನು ತೆಗೆದಿರೋ ಅವರಿಗೆ ಅದರ ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಕಳುಹಿಸಿರಿ. ನಾವು ಆ ವೃದ್ಧೆಗೆ ಕಳುಹಿಸಿದೆವು. ಮುಂದಿನ ವರ್ಷ ಹೋದಾಗ ಅದು ಅವರ ಮನೆಯಲ್ಲಿ ದೀಪದ ಪಕ್ಕದಲ್ಲಿ ಇತ್ತು. ಬೆಳಕಿಗಾಗಿ ಕಾಯುವುದು ಚಿತ್ರಕ್ಕೆ ಅಗತ್ಯ. ಒಪ್ಪಿಗೆಗಾಗಿ ಕಾಯುವುದು ಅದಕ್ಕಿಂತಲೂ ಅಗತ್ಯ. ಎರಡಕ್ಕೂ ಬೇಕಾದುದು ತಾಳ್ಮೆಯೊಂದೇ. ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಬೇಕಾಗಿಲ್ಲ.